ಪಂದ್ಯಕ್ಕೂ ಸಲ್ಲದ, ಪಾತ್ರೆಗೂ ಸಲ್ಲದ ಇಪ್ಪತ್ತಮೂರು ಪಾರಿವಾಳಗಳು

ಪುರಸಭೆಯ ಪ್ರಾಣಿ ನೋಂದಣಿ ವಿಭಾಗದ ಮಾನ್ಯ ಮುಖ್ಯಸ್ಥರೇ,

ನಿಮ್ಮ ಅರ್ಜಿ ನಮೂನೆಯ ಏಳನೇ ಪ್ರಶ್ನೆಯ ಮೇಲೆ ನನ್ನದೊಂದು ತಕರಾರಿದೆ. 'ಪಾರಿವಾಳಗಳನ್ನು ಯಾವ ಉದ್ದೇಶಕ್ಕೆ ಸಾಕಲಾಗಿದೆ?' ಎಂದು ಅಲ್ಲಿ ಕೇಳಿದ್ದೀರಿ. ಉತ್ತರಕ್ಕೆ ಎರಡೇ ಚೌಕ: ಒಂದು ಪಂದ್ಯಕ್ಕೆ, ಇನ್ನೊಂದು ಮಾಂಸಕ್ಕೆ. ಎರಡನ್ನೂ ಖಾಲಿ ಬಿಟ್ಟರೆ ಅವು 'ಉದ್ದೇಶವಿಲ್ಲದ ಪಕ್ಷಿಗಳು' ಎನಿಸಿ, ಇದೇ ಮೂವತ್ತನೇ ತಾರೀಖು ಬೆಳಿಗ್ಗೆ ಹತ್ತಕ್ಕೆ ನಿಮ್ಮ ವ್ಯಾನು ಬಂದು ಒಯ್ಯುತ್ತದಂತೆ. ಒಯ್ದು ಏನು ಮಾಡುತ್ತೀರೆಂದು ನೀವು ಕಳುಹಿಸಿದ ನೋಟಿಸಿನ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿದೆ: 'ನೋವಿಲ್ಲದಂತೆ ವಿಲೇವಾರಿ'. ಅಷ್ಟು ಸಣ್ಣ ಅಕ್ಷರ ಯಾಕೆ ಸ್ವಾಮಿ? ಒಳ್ಳೆಯ ಕೆಲಸವಾಗಿದ್ದರೆ ದೊಡ್ಡದಾಗಿಯೇ ಬರೆಯಬಹುದಿತ್ತಲ್ಲ. ನನ್ನ ಹಿತ್ತಲಿನಲ್ಲಿರುವ ಇಪ್ಪತ್ತಮೂರು ಹಕ್ಕಿಗಳಲ್ಲಿ ಒಂದೂ ಪಂದ್ಯಕ್ಕಿಲ್ಲ, ಒಂದೂ ಪಾತ್ರೆಗಿಲ್ಲ. ಜೀವವೆಂದ ಮೇಲೆ ಒಂದು ಉದ್ದೇಶ ಇರಲೇಬೇಕೆಂದು ಪುರಸಭೆ ಇಷ್ಟು ಕಟ್ಟುನಿಟ್ಟು ಮಾಡಿದರೆ, ನಿಮ್ಮದೇ ಕಚೇರಿಯ ಮೂರನೇ ಮಹಡಿಯಲ್ಲಿ ಕೂತವರ ಗತಿ ಏನೆಂದು ನನಗೆ ನಿಜಕ್ಕೂ ಚಿಂತೆಯಾಗಿದೆ.

ನೋಟಿಸಿನಲ್ಲಿ 'ಇಪ್ಪತ್ತಮೂರು ಘಟಕಗಳು' ಎಂದು ಬರೆದಿದ್ದೀರಿ. ಘಟಕಗಳಿಗೆ ಹೆಸರುಗಳಿವೆ. ಬಿಷಪ್‌ಗೆ ಕಾಯಿಲೆ ಬಂದು ಕತ್ತು ತಿರುಚಿಕೊಂಡಿದೆ. ಸದಾ ಆಕಾಶ ನೋಡುತ್ತಿರುತ್ತಾನೆ, ಆಳದ ಬಟ್ಟಲಲ್ಲಿ ಕಾಳು ಕೊಟ್ಟರೆ ಮಾತ್ರ ತಿನ್ನಬಲ್ಲ. ಇನ್ನೊಬ್ಬನ ಹೆಸರು ದರ್ಜಿ. ಮೀನುಬಲೆಯ ನೈಲಾನ್ ದಾರ ಸುತ್ತಿಕೊಂಡು ಅವನ ಎರಡೂ ಕಾಲಿನ ಬೆರಳುಗಳು ಉದುರಿಹೋಗಿವೆ. ಅಂಜೆಲಿಕಾಗೆ ಕಣ್ಣು ಕಾಣದು; ಜೋಳದ ಡಬ್ಬಿ ಅಲ್ಲಾಡಿಸಿದ ಸದ್ದು ಹಿಡಿದು ಬರುತ್ತಾಳೆ. ಐದಾರು ಮಂದಿಗೆ ಒಂದೊಂದೇ ರೆಕ್ಕೆ. ಹದಿನಾಲ್ಕು ಹಕ್ಕಿಗಳ ಕಾಲಲ್ಲಿ ಉಂಗುರವಿದೆ, ಎಂದರೆ ಒಂದು ಕಾಲಕ್ಕೆ ಪಂದ್ಯ ಹಾರಿದವು, ಉಳಿದವು ಬೀದಿಯವು. ಪ್ರತಿ ಬೆಳಿಗ್ಗೆ ಎರಡು ಗಂಟೆ ಕಾಲ ನನಗೆ ಇವುಗಳಿಗೆ ತಿನ್ನಿಸುವುದು, ತೊಳೆಯುವುದು, ಔಷಧ ಹಾಕುವುದೇ ಆಗುತ್ತದೆ. "ನಾಲ್ಕು ಮಕ್ಕಳನ್ನ ಹೆತ್ತು ಸಾಕ್ದೆ ನಾನು, ಒಂದು ದಿನ ಒಂದರ ಮೂಗು ಒರೆಸ್ಲಿಲ್ಲ ನೀನು. ಈಗ ನೋಡು, ಪಾರಿವಾಳದ ಕುಂಡೆ ತೊಳೀತಾ ಕೂತಿದೀಯ" ಎಂದು ನನ್ನ ಹೆಂಡತಿ ಡೆಲ್ಫಿನಾ ದಿನಾ ಆಡಿಕೊಳ್ಳುತ್ತಾಳೆ. ಮಾತು ನಿಜ, ಆದ್ದರಿಂದ ನಾನು ಎದುರಾಡುವುದಿಲ್ಲ.

ಮೊದಲು ನಾನು ಪಂದ್ಯದ ಚೌಕಕ್ಕೇ ಗುರುತು ಹಾಕಿದ್ದೆ. ಸುಳ್ಳು ಹೇಳಿದೆ ಎನ್ನುತ್ತೀರಾ? ಹದಿನಾಲ್ಕು ಉಂಗುರಗಳ ಧೈರ್ಯದ ಮೇಲೆ ಹಾಕಿದ್ದು. ನೀವು ಬಿಡುವವರೇ? 'ಈ ಸಾಲಿನ ಪಂದ್ಯದ ಫಲಿತಾಂಶ ಲಗತ್ತಿಸಿ' ಎಂದು ಉತ್ತರಿಸಿದಿರಿ. ಫಲಿತಾಂಶ ಬೇಕೆಂದರೆ ಪಂದ್ಯ ನಡೆಯಬೇಕಷ್ಟೆ. ಕಳೆದ ತಿಂಗಳು ಒಂದು ಭಾನುವಾರ ನಮ್ಮ ಅಂಗಳದಲ್ಲೇ ನಡೆಸಿದೆವು. ನಿಂಬೆ ಗಿಡದಿಂದ ಬಟ್ಟೆ ಒಗೆಯುವ ಕಲ್ಲಿನವರೆಗೆ ಹನ್ನೊಂದು ಮೀಟರ್. ಪಕ್ಕದ ಮನೆಯ ದೋನಾ ಜಸಿಂತಾ ಅಡುಗೆಮನೆಯ ಗೋಡೆ ಗಡಿಯಾರ ಕಳಚಿ ತಂದು ಮಡಿಲಲ್ಲಿಟ್ಟುಕೊಂಡು ಕೂತರು. ನೀವು ಕಳುಹಿಸಿದ ತಪಾಸಣಾಧಿಕಾರಿ ಮೇಡಂ ಕೈಯಲ್ಲಿ ಫೈಲು ಹಿಡಿದು ಆಕಾಶವನ್ನೇ ನೋಡುತ್ತಾ ನಿಂತರು.

"ಇವು ಯಾವಾಗ ಹಾರ್ತವೆ, ಸೆನ್ಯೋರ್ ಅಡೆಲೀನು?" ಎಂದು ಕೇಳಿದರು.

"ಹಾರಲ್ಲ ಮೇಡಂ, ನಡೀತವೆ. ಸ್ವಲ್ಪ ಕೆಳಗೆ ನೋಡಿ, ಪಂದ್ಯ ಆಗ್ಲೇ ಶುರುವಾಗಿದೆ" ಎಂದೆ.

"ಅದೊಂದು ಅಲ್ಲೇ ಗಿರಗಿರ ಸುತ್ತುತ್ತಾ ಇದೆಯಲ್ಲ?"

"ಅವನು ಬಿಷಪ್. ಸುತ್ಕೊಂಡು ಸುತ್ಕೊಂಡೇ ಮುಂದೆ ಹೋಗ್ತಾನೆ. ದಾರಿ ಸ್ವಲ್ಪ ಉದ್ದ ಆಗುತ್ತೆ."

"ಬರ್ಕೊಳ್ಳಿ ಮೇಡಂ, ನಾಲ್ಕು ನಿಮಿಷಕ್ಕೆ ಎರಡು ಮೀಟರ್" ಎಂದರು ದೋನಾ ಜಸಿಂತಾ. "ನಮ್ಮ ಬೀದಿಗೆ ನೀವು ಹಾಕ್ತಿರೋ ಚರಂಡಿಗಿಂತ ಬೇಗ್ನೇ ಇದೆ."

ನಾನು ಡಬ್ಬಿ ಅಲ್ಲಾಡಿಸಿದ್ದರಿಂದ ಅಂಜೆಲಿಕಾ ಒಂಬತ್ತು ನಿಮಿಷದಲ್ಲಿ ಗುರಿ ಮುಟ್ಟಿ ಮೊದಲನೆಯವಳಾದಳು. ಅದು ಮೋಸವೆಂದು ದೋನಾ ಜಸಿಂತಾ ಇವತ್ತಿಗೂ ನನ್ನ ಮೇಲೆ ಸಿಟ್ಟಾಗಿದ್ದಾರೆ. ದರ್ಜಿ ಎರಡನೆಯವನು. ಬಿಷಪ್ ಊಟದ ಹೊತ್ತಿಗೆ ಬಂದ. ಮೇಡಂ ಡೆಲ್ಫಿನಾ ಕೊಟ್ಟ ಜೋಳದ ರೊಟ್ಟಿ, ಸುಟ್ಟ ಸಾರ್ಡೀನ್ ಮೀನು ತಿಂದು, ಎಲ್ಲವನ್ನೂ ಪ್ರಾಮಾಣಿಕವಾಗಿ ಬರೆದುಕೊಂಡು ಹೋದರು. ವಾರ ಕಳೆದು ನಿಮ್ಮ ಸಹಿಯ ಪತ್ರ ಬಂತು: 'ಪಂದ್ಯಕ್ಕೆ ಹಾರಾಟ ಕಡ್ಡಾಯ. ಅರ್ಜಿದಾರರು ಎರಡನೇ ಚೌಕವನ್ನು ಪರಿಶೀಲಿಸಬಹುದು.' ನಿಮ್ಮ ಕಚೇರಿಯ ಗುಮಾಸ್ತರೊಬ್ಬರು ಫೋನಿನಲ್ಲಿ ಮೆಲ್ಲಗೆ, "ಸುಮ್ನೆ ಮಾಂಸಕ್ಕೆ ಅಂತ ಟಿಕ್ ಹಾಕ್ಬಿಡಿ ಸೆನ್ಯೋರ್. ಯಾರು ಬಂದು ನೋಡ್ತಾರೆ? ತಿನ್ಲೇಬೇಕು ಅಂತೇನಿಲ್ಲ" ಎಂದರು. ಒಳ್ಳೆಯ ಮನಸ್ಸಿನಿಂದ ಹೇಳಿದ ಮಾತು. ಅವರ ಕೆಲಸಕ್ಕೆ ತೊಂದರೆ ಮಾಡಬೇಡಿ.

ಆದರೂ ಆ ಚೌಕಕ್ಕೆ ನನ್ನ ಕೈ ಹೋಗುವುದಿಲ್ಲ. ಯಾಕೆಂದು ಹೇಳುತ್ತೇನೆ, ಸ್ವಲ್ಪ ಸಹಿಸಿಕೊಳ್ಳಿ.

ನಾನೂ ಇಪ್ಪತ್ತೆಂಟು ವರ್ಷ ಪಂದ್ಯದ ಪಾರಿವಾಳ ಸಾಕಿದವನು. ಪೋರ್ಚುಗಲ್ಲಿನ ಅರ್ಧ ಗಂಡಸರು ಭಾನುವಾರ ಚರ್ಚಿನ ಪೂಜೆ ತಪ್ಪಿಸಿ ಮಾಡಿನ ಮೇಲೆ ಕಣ್ಣು ನೆಟ್ಟು ಕೂರುವವರೇ ಅಲ್ಲವೇ? ನಾನು ಅವರಲ್ಲೊಬ್ಬ. ಪಂದ್ಯದ ಸಂಘದ ಲಾರಿ ನಮ್ಮ ಹಕ್ಕಿಗಳನ್ನು ಬುಟ್ಟಿಗಳಲ್ಲಿ ತುಂಬಿಕೊಂಡು ಸ್ಪೇನಿನ ಆ ತುದಿಗೆ ಒಯ್ದು ಬಿಡುತ್ತಿತ್ತು; ಬೇಗ ಮನೆ ಸೇರಿದ್ದಕ್ಕೆ ಬಹುಮಾನ, ತಡವಾಗಿ ಸೇರಿದ್ದು ಸೋಮವಾರದ ಅನ್ನದ ಪಾತ್ರೆಗೆ. ಕತ್ತು ತಿರುವುತ್ತಿದ್ದವನು ನಾನೇ. ಎಷ್ಟು ತಿರುವಿದೆನೋ ನೆನಪಿಲ್ಲ; ನೆನಪಿಲ್ಲ ಎಂಬುದಕ್ಕೇ ಈಗ ನಾಚಿಕೆಯಾಗುತ್ತದೆ. ಒಂದು ಜೂನ್ ತಿಂಗಳು ಕಂದಿದಾ ಎಂಬ ನನ್ನ ಬೂದು ಹೆಣ್ಣು ಹಕ್ಕಿ ಪಂದ್ಯದಿಂದ ವಾಪಸು ಬರಲೇ ಇಲ್ಲ. ಗಿಡುಗನ ಬಾಯಿಗೆ ಬಿತ್ತೆಂದು ಕೈಬಿಟ್ಟೆ. ಹನ್ನೆರಡನೇ ದಿನ ಮಧ್ಯಾಹ್ನ ಡೆಲ್ಫಿನಾ ಬಟ್ಟೆ ಒಣಹಾಕುತ್ತಾ ಕೂಗಿದಳು: "ಏಯ್, ಬಾ ಇಲ್ಲಿ. ನಿನ್ನೋಳು ಯಾರೋ ನಡ್ಕೊಂಡು ಬರ್ತಿದಾಳೆ."

ಏರುಬೀದಿಯಲ್ಲಿ ಗೋಡೆಗೆ ಅಂಟಿಕೊಂಡು, ಮುರಿದ ರೆಕ್ಕೆ ಎಳೆದುಕೊಂಡು ಬರುತ್ತಿದ್ದಳು. ಎಲ್ಲಿ ಬಿದ್ದಳೋ, ಎಷ್ಟು ದೂರ ನಡೆದಳೋ ಗೊತ್ತಿಲ್ಲ. ಅಂಗಾಲು ಸವೆದು ರಕ್ತ ಬಂದಿತ್ತು. ನನ್ನನ್ನು ದಾಟಿ ನೇರ ಗೂಡಿನ ಏಣಿಯ ಬುಡಕ್ಕೆ ಹೋಗಿ, ಹತ್ತಲಾರದೆ, ಮೇಲೆ ತನ್ನ ಜಾಗ ನೋಡುತ್ತಾ ನಿಂತಳು. ಎತ್ತಿಕೊಂಡೆ. ಕೈಗೆ ಅಭ್ಯಾಸವಾಗಿತ್ತು ನೋಡಿ, ಹೆಬ್ಬೆರಳು ತಾನಾಗಿಯೇ ಅವಳ ಕತ್ತಿಗೆ ಹೋಯಿತು.

ಡೆಲ್ಫಿನಾ ಬಟ್ಟೆಯ ಬಕೆಟ್ ಕೆಳಗಿಟ್ಟಳು. "ಮನೆಗೆ ಬಾ ಅಂತ ತಾನೇ ನೀನು ಹೇಳ್ಕೊಟ್ಟಿದ್ದು? ಬಂದಿದಾಳಲ್ಲ. ಇನ್ನೇನು ಬೇಕು ನಿಂಗೆ?" ಎಂದಳು.

ಅಲ್ಲೇ ಏಣಿಯ ಪಕ್ಕ ಕೂತು ಅತ್ತುಬಿಟ್ಟೆ. ಅವತ್ತಿನಿಂದ ಪಂದ್ಯ ಬಿಟ್ಟೆ. ಬೇರೆಯವರು ಬೇಡವೆಂದವು ಒಂದೊಂದಾಗಿ ನಮ್ಮ ಬಾಗಿಲಿಗೆ ಬರತೊಡಗಿದವು. ಕಂದಿದಾಗೆ ಈಗ ಹತ್ತು ವರ್ಷ. ನಿಮ್ಮ ಪಟ್ಟಿಯಲ್ಲಿ ಅವಳು ಮೂರನೇ ಘಟಕ. ಅವಳ ಮುಂದೆ ಕಾಗದದ ಮೇಲಾದರೂ ಸರಿ, ಮಾಂಸ ಎಂದು ಬರೆಯಲಾರೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಏಳನೇ ಪ್ರಶ್ನೆಯ ಕೆಳಗೆ ಮೂರನೇ ಚೌಕವೊಂದನ್ನು ಅಚ್ಚು ಹಾಕಿಸಿ. ಪಕ್ಕದಲ್ಲಿ ಏನು ಬರೆಯುವುದೆಂದು ಸಮಿತಿ ಕೂರಿಸಬೇಡಿ, 'ಸುಮ್ಮನೆ' ಎಂದು ಬರೆದರೆ ಸಾಕು. ಅದು ಅಚ್ಚಾಗಿ ಬರುವವರೆಗೆ ವ್ಯಾನನ್ನು ನಿಲ್ಲಿಸಿ.

ನಿಲ್ಲಿಸಲು ಆಗುವುದಿಲ್ಲವೆಂದಾದರೆ ಅದರ ಜೊತೆ ನೀವೂ ಬನ್ನಿ. ಬಲೆ, ಕೈಗವಸು ಏನೂ ತರಬೇಡಿ. ಉಂಗುರದ ಹಕ್ಕಿಗಳು ಬುಟ್ಟಿ ಕಂಡರೆ ಗಲಾಟೆ ಮಾಡುವುದಿಲ್ಲ, ತಾವಾಗಿಯೇ ಹತ್ತಿರ ಬರುತ್ತವೆ. ಬುಟ್ಟಿಗೆ ಹಾಕಿದರೆ ಎಲ್ಲೋ ದೂರ ಒಯ್ದು ಬಿಡುತ್ತಾರೆ, ಅಲ್ಲಿಂದ ಮನೆಗೆ ಬರಬೇಕು ಎಂದಷ್ಟೇ ಅವಕ್ಕೆ ಗೊತ್ತು. ಕಂದಿದಾ ಬುಟ್ಟಿಯ ಸಂದಿಯಿಂದ ದಾರಿ ನೋಡಿಕೊಳ್ಳುತ್ತಾ ಕೂರುತ್ತಾಳೆ. ಈ ಸಲ ಬಾಗಿಲು ತೆರೆಯುವುದಿಲ್ಲ ಎಂದು ಅವಳಿಗೆ ಹೇಳಲು ನನಗೆ ಬಾಯಿ ಬರುವುದಿಲ್ಲ. ನೀವೇ ಹೇಳಬೇಕು.

ಇಂತಿ,
ಏಳನೇ ಪ್ರಶ್ನೆಯಲ್ಲಿ ನಪಾಸಾದ ನಿಮ್ಮ ಅರ್ಜಿದಾರ,
ಅಡೆಲೀನು ವಿಲರಿನ್ಯು