ಸೇಬಿನ ಹಾರ

ನವೆಂಬರ್ 7, ಶುಕ್ರವಾರ. ಜೇವರ್ಗಿ.

ಬೆಳಿಗ್ಗೆಯಿಂದ ಸೆಂಟರಿನಲ್ಲಿ ನನ್ನ ಎಕ್ಸ್-ರೇ ರೂಮು ಖಾಲಿಯಾಗಲಿಲ್ಲ. ಹೆಚ್ಚಿನವರು ಬೈಕಿನಿಂದ ಬಿದ್ದವರು. ಊಟದ ಬಿಡುವಿನಲ್ಲಿ ಪೋರ್ಚುಗೀಸಿನಿಂದ ಕನ್ನಡಕ್ಕೆ ಬಂದ ಕಾದಂಬರಿ, ನಾಲ್ಕು ಪುಟ ಓದಿದೆ. ಅನುವಾದಕರು ಒಂದು ಮರದ ಹೆಸರನ್ನು ಹಾಗೇ ಬಿಟ್ಟಿದ್ದಾರೆ. ಸರಿಯಾಗಿಯೇ ಮಾಡಿದ್ದಾರೆ.

ನಾಲ್ಕಕ್ಕೆ ತಂಗಿ ಮೈತ್ರಿಯ ಫೋನು. "ಅಕ್ಕಾ, ಟೀಮಿನ್ಯಾಗ ಹೆಸರು ಬಂತು." ಇಂಡಿಯಾ ಮಹಿಳಾ ಕ್ರಿಕೆಟ್ ಟೀಮು. ಆಫ್ ಸ್ಪಿನ್ನರ್, ಇಪ್ಪತ್ಮೂರು ವರ್ಷ. ಹದಿನೆಂಟನೇ ತಾರೀಖಿಗೆ ಬೆಂಗಳೂರಿನ ಕ್ಯಾಂಪಿನಲ್ಲಿರಬೇಕು.

"ಏನರ ಅನ್ನು ಅಕ್ಕಾ."

"ಚಲೋ ಆತು" ಎಂದೆ.

ನವೆಂಬರ್ 8, ಶನಿವಾರ.

ಅಪ್ಪನ ಫೋನು. ನಾಳೆ ಊರಲ್ಲಿ, ಅತನೂರಿನಲ್ಲಿ, ಮೆರವಣಿಗೆಯಂತೆ. ತಮ್ಮ ದೇವಾನಂದ ರಸ್ತೆ ಕಂತ್ರಾಟದಾರನೊಬ್ಬನ ಬಳಿ ಕ್ರೇನ್ ಓಡಿಸುತ್ತಾನೆ. ಅದನ್ನೇ ತರುತ್ತಾನಂತೆ, ಧಣಿಗೆ ಹೇಳದೆ. ಅದರಿಂದ ಮೈತ್ರಿಗೆ ಮೇಲಿಂದ ದೊಡ್ಡ ಸೇಬಿನ ಹಾರ.

"ಆಡಿ ಬಂದ ಮ್ಯಾಲ ಮಾಡೋಣಪ್ಪಾ" ಎಂದೆ.

"ನಿನಗ ತಿಳಿಯಂಗಿಲ್ಲವ್ವ. ಗೌಡರ ಓಣ್ಯಾಗ ನಮ್ಮವರು ಯಾರು ಮೆರವಣಿಗಿ ಹೋಗ್ಯಾರ? ನಾಳೆ ನನ್ನ ಮಗಳು ಹೋಗ್ತಾಳ. ಹಾರ ಹಾಕ್ಕೊಂಡು ಹೋಗ್ತಾಳ."

ಅಪ್ಪ ಗೌಂಡಿ. ಆ ಓಣಿಯ ಎಷ್ಟೋ ಗೋಡೆ ಅವನು ಕಟ್ಟಿದವು. ವಾದಿಸಲಿಲ್ಲ.

ನವೆಂಬರ್ 9, ಭಾನುವಾರ. ಸಂಜೆ 6:40. ಎಕ್ಸ್-ರೇ ರೂಮು.

ಕ್ರಮವಾಗಿ ಬರೆಯಬೇಕು.

ಟ್ರ್ಯಾಕ್ಟರ್ ಟ್ರಾಲಿಯ ಮೇಲೆ ಮೈತ್ರಿ. ಪಕ್ಕದಲ್ಲಿ ಅಪ್ಪ, ತಲೆಗೆ ಹೊಸ ಪಟಗಾ ಸುತ್ತಿಕೊಂಡು. ಮುಂದೆ ಡಿಜೆ. ಗೌಡರ ಓಣಿ. ನಾಲ್ವರು ಎತ್ತಿ ಕ್ರೇನಿನ ಕೊಂಡಿಗೆ ಸಿಕ್ಕಿಸಿದ ಹಾರ. ನಾನು ಹೆಂಗಸರ ಜೊತೆ ದೂರದಲ್ಲಿದ್ದೆ. ಹಾರ ಇಳಿಯತೊಡಗಿತು. ಜನ ಇನ್ನೂ ಮೊಬೈಲ್ ಎತ್ತುತ್ತಿದ್ದರು. ಹಗ್ಗದ ಒಂದು ತುದಿ ಕಳಚಿತು.

ಅಷ್ಟೇ.

ರಸ್ತೆ ತುಂಬ ಸೇಬು. ಮಕ್ಕಳು ಆರಿಸಿಕೊಳ್ಳುತ್ತಿದ್ದವು. ಡಿಜೆ ನಿಂತಿರಲಿಲ್ಲ. ಮೈತ್ರಿ ಬಲಗೈಯನ್ನು ಎಡಗೈಯಲ್ಲಿ ಹಿಡಿದು ನಿಂತಿದ್ದಳು. ಮುಖದಲ್ಲಿ ನೋವಿರಲಿಲ್ಲ. ಏನೂ ಇರಲಿಲ್ಲ.

ಸೆಂಟರಿನ ಕೀಲಿ ನನ್ನ ಬಳಿ ಇರುತ್ತದೆ. ಇಲ್ಲಿಗೇ ಕರೆತಂದೆ. ಎಕ್ಸ್-ರೇ ನಾನೇ ತೆಗೆದೆ. ತೋರುಬೆರಳು, ನಡುಗೆಣ್ಣು. ಮುರಿತ ಗೆಣ್ಣಿನ ಒಳಕ್ಕೇ ಹೋಗಿದೆ. ಅವಳು ಚೆಂಡು ತಿರುಗಿಸುವುದು ಆ ಬೆರಳಿನಿಂದ.

"ಅಕ್ಕಾ, ಹದಿನೆಂಟಕ್ಕ ಹೋಗಬಹುದೇನು?"

"ಕೈ ಅಲ್ಲಾಡಿಸಬ್ಯಾಡ. ಇನ್ನೊಂದು ತೆಗೀಬೇಕು" ಎಂದೆ.

ಇನ್ನೊಂದು ಬೇಕಿರಲಿಲ್ಲ.

ನವೆಂಬರ್ 11, ಮಂಗಳವಾರ.

ಕಲಬುರಗಿಯ ಎಲುಬಿನ ಡಾಕ್ಟರು ತಂತಿ ಹಾಕಿದರು. ಆರು ವಾರ. ಬೆರಳು ಪೂರ್ತಿ ಮಡಚುವ ಭರವಸೆ ಕೊಡಲಾರೆ ಎಂದರು.

ಟೀಮಿನ ಫಿಸಿಯೋ ಫೋನ್ ಮಾಡಿದ್ದರು. ಹೇಗಾಯಿತು? ಮೈತ್ರಿ ಹಿಂದಿಯಲ್ಲಿ, ಒಂದೇ ಉಸಿರಿಗೆ: ಬಚ್ಚಲಲ್ಲಿ ಜಾರಿದೆ. ಕ್ರೇನಿನ ಸುದ್ದಿ ಹೊರಬಿದ್ದರೆ ದೇವಾನಂದನ ನೌಕರಿ ಹೋಗುತ್ತದೆ.

ಕಾದಂಬರಿ ತೆರೆದೆ. ಅದೇ ಪುಟ. ಅಲ್ಲಿ ಕೆಟ್ಟದ್ದು ಬರುವ ಮೊದಲು ಗಾಳಿಯಾದರೂ ಬದಲಾಗುತ್ತದೆ. ಭಾನುವಾರ ಏನೂ ಬದಲಾಗಿರಲಿಲ್ಲ. ಬಿಸಿಲು ಹಾಗೇ ಇತ್ತು.

ನವೆಂಬರ್ 23, ಭಾನುವಾರ. ಅತನೂರ.

ಮೊದಲ ಪಂದ್ಯ. ಮೈತ್ರಿಯ ಜಾಗಕ್ಕೆ ಹೋದ ಹುಡುಗಿಗೆ ಮೂರು ವಿಕೆಟ್. ಅವ್ವ ಎದ್ದು ಟಿವಿ ಬಂದ್ ಮಾಡಿದಳು. "ಇರ್ಲಿ ಬಿಡವ್ವ, ಚಲೋ ಹಾಕಾಕತ್ತಾಳ" ಎಂದು ಮೈತ್ರಿ ಮತ್ತೆ ಹಚ್ಚಿದಳು.

ಅಪ್ಪನಿಗೆ ತಡೆಯಲಾಗಲಿಲ್ಲ. "ಸುಮ್ಮ ನಿಂತಿದ್ರ ಏನಾಗ್ತಿತ್ತು? ಕೈ ಯಾಕ ಒಡ್ಡಿದಿ? ಕ್ಯಾಚ್ ಹಿಡಿಯಾಕ ಹೋಗಿದ್ದೇನಬೇ? ಮ್ಯಾಲ ನನ್ನೂ ನೂಕಿದಿ. ಗೌಡರ ಮುಂದ ಪಟಗಾ ಬಿತ್ತು ನಂದು."

"ಚಟ ಅಪ್ಪಾ. ಮ್ಯಾಲಿಂದ ಏನ್ ಬಂದ್ರೂ ಕೈ ಹೋಗ್ತದ" ಎಂದು ನಕ್ಕಳು.

ದೇವಾನಂದ ಚಪ್ಪಲಿ ಮೆಟ್ಟಿ ಹೊರಗೆ ಹೋದ.

ಜನವರಿ 18, ಭಾನುವಾರ. ಅತನೂರ.

ಬೆರಳು ಅರ್ಧ ಮಡಚುತ್ತದೆ. ಮುಂದಿನ ಸರಣಿಯ ಪಟ್ಟಿ ಬಂತು. ಮೈತ್ರಿಯ ಹೆಸರಿಲ್ಲ. ಅವಳ ಜಾಗಕ್ಕೆ ಹೋದ ಹುಡುಗಿಯದು ಇದೆ.

ಆದರೆ ರಾಜ್ಯ ತಂಡದ ಕೋಚ್ ಫೋನ್ ಮಾಡಿದ್ದಾರೆ. ಫೆಬ್ರವರಿ ಹತ್ತಕ್ಕೆ ಟ್ರಯಲ್. ನಡುಬೆರಳಿನಲ್ಲಿ ಚೆಂಡು ಹಿಡಿದು ಹಾಕಿ ತೋರಿಸು, ಇದೊಂದು ಸಲ ಬಾರದಿದ್ದರೆ ಮತ್ತೆ ಕರೆಯುವುದು ನನ್ನ ಕೈಲಿಲ್ಲ ಎಂದರಂತೆ. ಮನೆ ಹಿಂದೆ ಹಾಕಿ ತೋರಿಸಿದಳು. ಮೊದಲಿನಷ್ಟಲ್ಲ. ಆದರೆ ತಿರುಗಿತು. ಕಣ್ಣಾರೆ ನೋಡಿದೆ.

ಅಪ್ಪ ಒಪ್ಪುತ್ತಿಲ್ಲ. "ಸಾಕು. ಆ ಆಟ ನಮಗ ಆಗಿಬರಂಗಿಲ್ಲ. ನಸೀಬಿನ್ಯಾಗಿಲ್ಲ." ಫೆಬ್ರವರಿ ಎಂಟಕ್ಕೆ ಮೈತ್ರಿಯನ್ನು ನೋಡಲು ಆಳಂದದಿಂದ ಗಂಡಿನವರು ಬರುತ್ತಾರೆ.

"ಅಪ್ಪ ಬ್ಯಾಡಂದ್ರ ಬ್ಯಾಡ" ಎಂದಳು ಮೈತ್ರಿ. ಅಂಪೈರ್ ಜೊತೆ ಜಗಳಾಡಿ ದಂಡ ಕಟ್ಟಿದವಳು. ನನಗೆ ಅರ್ಥವಾಗಲಿಲ್ಲ.

ಫೆಬ್ರವರಿ 1, ಭಾನುವಾರ. ಜೇವರ್ಗಿ. ಮಧ್ಯಾಹ್ನ.

ದೇವಾನಂದ ಬಂದಿದ್ದ. ಹೇಳದೆ ಕೇಳದೆ. ಚಹಾ ಮಾಡಿಕೊಟ್ಟೆ. ಕುಡಿಯಲಿಲ್ಲ.

"ಅಕ್ಕಾ, ಹಾರ ಮೈತ್ರಿ ಮ್ಯಾಲ ಇರಲಿಲ್ಲ."

"ಏನಂದಿ?"

"ಟ್ರಾಲಿ ಜಗ್ಗಿತು. ಹಾರ ಓಲಾಡಿ ಅಪ್ಪನ ತಲಿ ಮ್ಯಾಲ ಬಂತು. ಆಗ್ಲೇ ಹಗ್ಗ ಬಿಚ್ಚಿತು. ಅಪ್ಪ ಗೌಡರ ಮಾಳಗಿ ಕಡಿ ನೋಡಾಕತ್ತಿದ್ದ, ಯಾರ್ಯಾರು ನಿಂತಾರ ಅಂತ. ಮೈತ್ರಿ ಒಂದ್ ಕೈಲೆ ಅಂವನ್ನ ನೂಕಿ, ಇನ್ನೊಂದ್ ಕೈ ಅಡ್ಡ ಕೊಟ್ಲು. ಅಕಿ ಸುಮ್ಮ ನಿಂತಿದ್ರ ಅಕಿಗೆ ಏನೂ ಆಗ್ತಿರಲಿಲ್ಲ. ಅಷ್ಟೂ ಭಾರ ಅಪ್ಪನ ನೆತ್ತಿಗೆ ಬೀಳ್ತಿತ್ತು. ಕ್ಯಾಬಿನ್ನಿನ್ಯಾಗ ನಾ ಎದುರಿಗೇ ಇದ್ದೆ. ನೋಡೇನಿ."

"ಅಪ್ಪಗ?"

"ಗೊತ್ತಿಲ್ಲ. ಹೇಳಬ್ಯಾಡಂತ ಆಣಿ ಮಾಡಿಸ್ಕೊಂಡಾಳ."

ಅವನು ಹೋದ ಮೇಲೆ ಆ ದಿನದ್ದನ್ನು ಮತ್ತೆ ಲೆಕ್ಕ ಹಾಕಿದೆ. ಹಾರ ಅವಳ ಮೇಲೇ ಬಿದ್ದಿದ್ದರೆ ಭುಜ, ಕುತ್ತಿಗೆ ಎಲ್ಲಾದರೂ ಒಂದು ಗುರುತಿರಬೇಕಿತ್ತು. ಇರಲಿಲ್ಲ. ಬರೀ ಬೆರಳು. ಕೈ ಚಾಚಿದ ಕಡೆ ಪೆಟ್ಟು ಬಿದ್ದಿತ್ತು.

ಇಷ್ಟು ದಿನ ಅಪ್ಪ ಬೈದ. ಇಷ್ಟು ದಿನ ಅವಳು ನಕ್ಕಳು.

ಫೆಬ್ರವರಿ 2, ಸೋಮವಾರ.

ಮೈತ್ರಿಗೆ ಫೋನ್ ಮಾಡಿದೆ. ದನಿ ಕೇಳಿದ ಕೂಡಲೇ ತಿಳಿದುಕೊಂಡಳು.

"ದೇವ್ಯಾ ಬಾಯಿ ಬಿಟ್ನೇನು? ಹೊಟ್ಟಿಯಾಗ ಏನೂ ನಿಲ್ಲಂಗಿಲ್ಲ ಅಂವಂಗ."

"ಅಪ್ಪಗ ಹೇಳಿದ್ರ ಟ್ರಯಲ್‌ಗೆ ಅಂವನೇ ಕಳಸ್ತಾನ."

"ಹೇಳಬ್ಯಾಡ ಅಕ್ಕಾ. ಮೆರವಣಿಗಿ ಫೋಟೋ ಗ್ವಾಡಿಗೆ ಹಾಕ್ಯಾನ, ನೋಡಿದ್ಯಿಲ್ಲೋ? ಬಂದವರಿಗೆಲ್ಲ ತೋರಸ್ತಾನ. ಅಂವನ ಜನ್ಮದಾಗ ಅದೊಂದೇ ದಿನ. ಅದನ್ನ ಕಸಗೋಬ್ಯಾಡ."

"ನಿಂದು?"

"ಪಟ್ಟಿಯಾಗ ನನ್ನ ಹೆಸರು ಬಂದಿತ್ತಲ್ಲ."

ಫೋನ್ ಇಟ್ಟುಬಿಟ್ಟಳು.

ಫೆಬ್ರವರಿ 6, ಶುಕ್ರವಾರ. ಸಂಜೆ.

ಮೂರು ದಿನ ಏನೂ ಬರೆದಿಲ್ಲ. ಓದಿಯೂ ಇಲ್ಲ.

ಹೇಳಿದರೆ: ಅಪ್ಪ ಅವಳನ್ನು ಟ್ರಯಲ್‌ಗೆ ಕಳಿಸುತ್ತಾನೆ. ಅವಳು ಆಯ್ಕೆಯಾಗದೆಯೂ ಇರಬಹುದು. ಆ ಫೋಟೋ ಗೋಡೆಯಿಂದ ಇಳಿಯುತ್ತದೆ. ಮಗಳ ಬೆರಳು ನೋಡಿದಾಗಲೆಲ್ಲ ಅವನು ತನ್ನ ತಲೆ ಮುಟ್ಟಿಕೊಳ್ಳುತ್ತಾನೆ, ಸಾಯುವವರೆಗೆ.

ಹೇಳದಿದ್ದರೆ: ನಾಡಿದ್ದು ಗಂಡಿನವರು ಬರುತ್ತಾರೆ. ಹತ್ತನೇ ತಾರೀಖು ಹೋಗುತ್ತದೆ. ಮೈತ್ರಿ ಆಳಂದದ ಯಾವುದೋ ಮನೆಯಲ್ಲಿ ಆ ಬೆರಳಿನಲ್ಲಿ ರೊಟ್ಟಿ ಬಡಿಯುತ್ತಾಳೆ. ಅವನು ಆಗಲೂ ಕೇಳುತ್ತಾನೆ: ಕೈ ಯಾಕ ಒಡ್ಡಿದಿ?

ಹೇಳುತ್ತೇನೆ. ಅವಳು ನನ್ನ ಜೊತೆ ಮಾತು ಬಿಡಬಹುದು. ಬಿಡಲಿ.

ಮನೆಯಲ್ಲಿ ಬೇಡ, ಅವ್ವನ ಮುಂದೆ ಬೇಡ. ಅಪ್ಪ ಈ ವಾರ ಅಫಜಲಪುರದಲ್ಲಿ ಕಂಪೌಂಡ್ ಗೋಡೆ ಕಟ್ಟುತ್ತಿದ್ದಾನೆ. ರಜೆ ಹೇಳಿದ್ದೇನೆ. ನಾಳೆ ಮೊದಲ ಬಸ್ಸಿಗೆ ಹೊರಡುವುದು. ಮೊದಲು ಗೋಡೆಯ ಮೇಲಿಂದ ಕೆಳಗೆ ಇಳಿ ಎನ್ನಬೇಕು. ಕೈ ತೊಳಕೊಂಡು ಕೂಡು ಎನ್ನಬೇಕು. ಆಮೇಲೆ —