ಪತ್ತಾರರ ಒಲೆಯ ಮೇಲಿನ ಪಾದರಸ

ಕಲಬುರಗಿ
ಶುಕ್ರವಾರ, ೧೩-೧೧-೨೦೦೯

ಕಮಲಾಪುರದ ಮಾಣಿಕಪ್ಪ ಪತ್ತಾರ ಅವರಿಗೆ, ಆಸ್ಪತ್ರೆಯ ಸ್ಟೋರಿನ ನರಸಿಂಹನ ನಮಸ್ಕಾರಗಳು.

ನಿಮ್ಮ ಫೋನು ಹತ್ತುತ್ತಿಲ್ಲ. ಅದಕ್ಕೇ ಕಂಡಕ್ಟರ್ ಗುಂಡಣ್ಣನ ಕೈಯಲ್ಲಿ ಈ ಪತ್ರ ಕಳಿಸಿದ್ದೇನೆ.

ನಾನು ಕೊಟ್ಟ ಪಾದರಸವನ್ನು ಇನ್ನು ಕಾಯಿಸಬೇಡಿರಿ. ಅದರ ಹೊಗೆ ವಿಷ. ಉಳಿದದ್ದನ್ನು ಚರಂಡಿಗೂ ಸುರಿಯದೆ ಬಾಟಲಿಯಲ್ಲಿ ಬಿಗಿಯಾಗಿ ಮುಚ್ಚಿಡಿರಿ.

ಒಡೆದ ಥರ್ಮಾಮೀಟರುಗಳ ಪಾದರಸವನ್ನು ಯಾರಿಗೂ ಕೊಡದೆ ಬೀಗ ಹಾಕಿಡಬೇಕೆಂದು ನನಗೆ ಆದೇಶವಿತ್ತು. ದೊಡ್ಡ ದೇಶಗಳೇ ಅದನ್ನು ಹೊರಗೆ ಮಾರುವುದನ್ನು ನಿಲ್ಲಿಸಿ, ಕೂಡಿಡಲು ಹೊರಟಿವೆ ಎಂದು ಪತ್ರಿಕೆಯಲ್ಲೂ ಓದಿದ್ದೆ. ಆದರೂ ನಮ್ಮ ಮನೆದೇವರ ಬೆಳ್ಳಿ ಕಿರೀಟಕ್ಕೆ ನೀವು ಪಾದರಸದಲ್ಲಿ ಬಂಗಾರ ಕಲೆಸಿ ಬಳಿದು, ಮನೆಯ ಒಲೆಯ ಮೇಲೆ ಕಾಯಿಸಿ ಬಂಗಾರದ ಮೆರುಗು ಕೊಡುವಿರೆಂಬ ಆಸೆಗೆ ಬಾಟಲಿ ತಂದುಕೊಟ್ಟೆ.

"ಇದರಿಂದ ಏನೂ ಆಗಂಗಿಲ್ಲಲ್ರೀ?" ಎಂದು ನಿಮ್ಮ ಮನೆಯವರು ಶಿವಕಾಂತಮ್ಮ ಕೇಳಿದರು.

"ಏನೂ ಆಗಂಗಿಲ್ಲವ್ವ" ಎಂದೆ.

ಸೋಮವಾರ ನೀವಿಬ್ಬರೂ ಆಸ್ಪತ್ರೆಗೆ ಬಂದಾಗ ನಾನು ನಾಲ್ಕು ಹೆಜ್ಜೆ ದೂರದಲ್ಲೇ ಇದ್ದೆ. ಶಿವಕಾಂತಮ್ಮನವರ ಕೈ ನಡುಗಿ ಲೋಟದ ನೀರು ಸೀರೆಯ ಮೇಲೆ ಚೆಲ್ಲಿತು. ಡಾಕ್ಟರು ನಿಶ್ಶಕ್ತಿಯೆಂದು ಗುಳಿಗೆ ಬರೆದುಕೊಟ್ಟರು. ನನಗೆ ಕಾರಣ ಗೊತ್ತಿತ್ತು. ಸ್ಟೋರಿನೊಳಗೆ ಹೋಗಿ ಬಾಗಿಲು ಹಾಕಿಕೊಂಡೆ.

ಇಂದು ಬೆಳಿಗ್ಗೆ ಡಾಕ್ಟರಿಗೆ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. "ಸೋಮವಾರನೇ ಹೇಳಿದ್ರ ಆಕಿಗಿ ನಾಕು ದಿನದ ಹೊಗಿ ತಪ್ಪತಿತ್ತು" ಎಂದರು, ಅಷ್ಟೆ.

ನಾಳೆ ಮೊದಲ ಬಸ್ಸಿಗೆ ಶಿವಕಾಂತಮ್ಮನವರನ್ನು ಕರೆತನ್ನಿರಿ. ನಾನು ಬಸ್ ಸ್ಟ್ಯಾಂಡಿನಲ್ಲಿ ಕಾದಿರುತ್ತೇನೆ. ನನಗೆ ಅನ್ನುವುದನ್ನೆಲ್ಲ ಆಮೇಲೆ ಅನ್ನಿರಿ. ಮೊದಲು ಅವರನ್ನು ಡಾಕ್ಟರ ಮುಂದೆ ಕೂಡಿಸೋಣ.

ನಿಮ್ಮ ತಪ್ಪಿತಸ್ಥ,
ನರಸಿಂಹ