ಯಾವ ರೋಗಾಣು ಎಂದು ಕೇಳಲು ಬಿಡದವರಿಗೆ

ಮಾನ್ಯ ಆರೋಗ್ಯಾಧಿಕಾರಿಗಳೇ,

ನನ್ನ ಗಂಡ ನಿಮ್ಮ ಆಸ್ಪತ್ರೆಯ ಪ್ರಯೋಗಾಲಯಕ್ಕೆ ನುಗ್ಗಿ, ಕಬ್ಬಿಣದ ಸ್ಟೂಲಿನಿಂದ ಅಲ್ಲಿನ ತಂತ್ರಜ್ಞೆಯ ದವಡೆ ಮುರಿದ. ಪತ್ರಿಕೆಯವರ ಮುಂದೆ ತಾವು ಇದನ್ನು ‘ಮೃಗೀಯ ವರ್ತನೆ’ ಎಂದಿರಿ. ಒಪ್ಪಿದೆ. ಆದರೆ ಆ ವಾರ ನಡೆದದ್ದು ಎರಡು ಹಲ್ಲೆ. ಇನ್ನೊಂದರಲ್ಲಿ ನನ್ನ ಮೈದುನ ಸತ್ತ. ಅದರ ಆಯುಧ ತಮ್ಮ ಸಹಿ.

ನಮ್ಮದು ಮಾಂಸದಂಗಡಿ. ಅಣ್ಣ ತಮ್ಮ ಒಂದೇ ಕೊರಡಿನ ಎದುರುಬದುರು ನಿಂತು ಕಡಿಯುತ್ತಿದ್ದರು. ನಾನು ಮದುವೆಯಾಗಿ ಬಂದಾಗ ಮೈದುನನಿಗಿನ್ನೂ ಹಾಲುಹಲ್ಲು. ಎತ್ತಿ ಆಡಿಸಿ ಬೆಳೆಸಿದವಳು ನಾನೇ. ಒಂದು ದಿನ ಮೂಳೆಯ ಚೂರು ಅವನ ಅಂಗೈಗೆ ಹೊಕ್ಕಿತು. “ಇರುವೆ ಕಚ್ಚಿದಂಗಿದೆ, ಬಿಡಿ ಅತ್ತಿಗೆ” ಅಂದ. ಮರುದಿನ ಕೈ ಮೊಣಕೈವರೆಗೆ ಬಾತು ಕೆಂಡವಾಗಿತ್ತು. ಆಸ್ಪತ್ರೆಯಲ್ಲಿ ಕೊಯ್ದರು, ಕೀವು ತೆಗೆದರು, ಸೂಜಿ ಚುಚ್ಚಿದರು. ಕೊಳೆತ ಚರ್ಮದ ಕಪ್ಪು ಮಾತ್ರ ತೋಳಿಗೆ ಏರುತ್ತಲೇ ಹೋಯಿತು. ನೋವಿಗೆ ಮಂಚದ ಸರಳಿಗೆ ತಲೆ ಚಚ್ಚಿಕೊಳ್ಳುತ್ತಿದ್ದವನನ್ನು ನಾವು ಗಂಡ ಹೆಂಡತಿ ಮೈಮೇಲೆ ಬಿದ್ದು ಹಿಡಿದಿದ್ದೇವೆ.

“ಬೇರೆ ಮದ್ದು ಕೊಡಿ ಸ್ವಾಮಿ” ಎಂದು ನನ್ನ ಗಂಡ ವೈದ್ಯರ ಕಾಲು ಹಿಡಿದ.

“ಯಾವುದು ಅಂತ ಕೊಡ್ಲಪ್ಪಾ? ಕೀವನ್ನ ದೂರದ ಊರಿಗೆ ಪರೀಕ್ಷೆಗೆ ಕಳಿಸಿದೀವಿ. ವರದಿ ಬರಲಿ.”

ದೂರದ ಊರಿಗೆ ಏಕೆ? ರೋಗಾಣುಗಳನ್ನು ಬೆಚ್ಚಗಿಟ್ಟು ಬೆಳೆಸುವ ಪೆಟ್ಟಿಗೆ ಇಲ್ಲಿ ಕೆಟ್ಟಿತ್ತು. ‘ಪರೀಕ್ಷೆಗಳ ಸಂಖ್ಯೆ ಕಡಿಮೆ, ದುರಸ್ತಿ ಅನಗತ್ಯ’ ಎಂದು ಸಹಿ ಹಾಕಿ ತಾವು ಆ ವಿಭಾಗವನ್ನೇ ಮುಚ್ಚಿಸಿದಿರಿ. ಎಷ್ಟು ಜನ ಕೊಳೆತರೆ ತಮ್ಮ ಸಂಖ್ಯೆ ಭರ್ತಿಯಾಗುತ್ತಿತ್ತು, ಮಹಾಸ್ವಾಮಿ?

ಮೈದುನನನ್ನು ಮಣ್ಣು ಮಾಡಿ ಬಂದ ಮೇಲೆ ವರದಿ ಬಂತು. ಕೊಟ್ಟ ಮದ್ದಿಗೆ ಆ ರೋಗಾಣು ಜಗ್ಗುವುದಿಲ್ಲವಂತೆ. ಅದನ್ನು ಕೊಲ್ಲುವ ಮದ್ದು ಆಸ್ಪತ್ರೆಯ ಕಪಾಟಿನಲ್ಲೇ ಇತ್ತಂತೆ. ಇದನ್ನು ಕೇಳಿದವನೇ ನನ್ನ ಗಂಡ ಪ್ರಯೋಗಾಲಯಕ್ಕೆ ನುಗ್ಗಿ ಸ್ಟೂಲು ಎತ್ತಿದ. ಸೂಕ್ಷ್ಮದರ್ಶಕ ಪುಡಿಯಾಯಿತು. ತಡೆಯಲು ಬಂದ ತಂತ್ರಜ್ಞೆಯ ಮುಖಕ್ಕೂ ಬೀಸಿದ. ಒಡೆದ ಬಾಟಲಿಯ ನೇರಳೆ ಬಣ್ಣ, ರಕ್ತ, ಅದರ ನಡುವೆ ಆಕೆಯ ಹಲ್ಲು. ಹಿಂದೆಯೇ ಓಡಿ ಬಂದ ನಾನು ಅವನ ಕೂದಲು ಹಿಡಿದೆಳೆದು ಕೆನ್ನೆಗೆ ಬಾರಿಸಿದೆ. ಆಗ ಅವನು ಕುಸಿದು ಕೂತ.

ಆಕೆಯನ್ನು ನೋಡಲು ಹೋದೆ. ನಾನು ಕ್ಷಮೆ ಕೇಳುವ ಮೊದಲೇ ತಂತಿ ಬಿಗಿದ ದವಡೆಯ ಸಂದಿಯಿಂದ ಆಕೆಯೇ ಮಾತಾಡಿದಳು.

“ನಾನು ಬಣ್ಣ ಹಾಕಿ ನೋಡಿದ್ದೆ ಅಕ್ಕಾ. ಅದರಿಂದ ರೋಗಾಣು ಯಾವ ಗುಂಪಿನದು ಅಂತ ಗೊತ್ತಾಯ್ತು, ಅಷ್ಟೇ. ಬೆಳೆಸಿ, ಸುತ್ತ ಮದ್ದಿನ ಬಿಲ್ಲೆ ಇಟ್ಟರೆ ಯಾವುದಕ್ಕೆ ಸಾಯುತ್ತೆ ಅಂತ ಕಾಣುತ್ತೆ. ಇಲ್ಲೇ ಆಗ್ತಿತ್ತು. ಪೆಟ್ಟಿಗೆ ಸರಿಮಾಡಿಸಿ ಅಂತ ಕೇಳಿ ಕೇಳಿ ಸಾಕಾಯ್ತು.” ಆಮೇಲೆ ನನ್ನನ್ನೇ ದಿಟ್ಟಿಸಿ, “ಅದಕ್ಕೆ ನಂಗೆ ಹೊಡೀಬೇಕಿತ್ತಾ?” ಅಂದಳು.

ಜೈಲಿಗೆ ಹೋಗಿ ಗಂಡನಿಗೆ ಹೇಳಿಬಂದೆ: “ನಿನ್ನ ವಿರುದ್ಧವೇ ಸಾಕ್ಷಿ ಹೇಳ್ತೀನಿ.” “ಹೇಳು” ಅಂದ.

ಅವನ ಲೆಕ್ಕ ಚುಕ್ತಾ ಆಗುತ್ತದೆ. ತಮ್ಮದು? ಪ್ರಯೋಗಾಲಯಕ್ಕೆ ಈಗ ಕಬ್ಬಿಣದ ಗೇಟು, ಇಬ್ಬರು ಕಾವಲುಗಾರರು. ಅದಕ್ಕೆ ಅನುದಾನ ಕಣ್ಣುಮುಚ್ಚಿ ತೆರೆಯುವುದರೊಳಗೆ ಬಂತು! ಒಳಗೆ ಪೆಟ್ಟಿಗೆ ಇನ್ನೂ ತಣ್ಣಗಿದೆ. ಗೇಟು ಕಂಡು ರೋಗಾಣು ಹೆದರುತ್ತದೆಯೇ?

ಆ ವಿಭಾಗವನ್ನು ಈ ತಿಂಗಳೇ ತೆರೆಯಿರಿ. ಮುಚ್ಚಿಸಿದ್ದು ಯಾರೆಂದು ಅದೇ ಪತ್ರಿಕೆಯವರನ್ನು ಕರೆದು ತಮ್ಮ ಬಾಯಿಂದಲೇ ಹೇಳಿ. ತಮ್ಮ ದವಡೆಯಂತೂ ನೆಟ್ಟಗಿದೆ.

ಇಂತಿ,
ಸತ್ತವನ ಅತ್ತಿಗೆ, ಹೊಡೆದವನ ಹೆಂಡತಿ